ಹೆಗಲ ಮೇಲಿನ ಸವಾರಿ: ಪಲ್ಲಕ್ಕಿ, ಡೋಲಿ, ಬಿಟ್ಟಿ ಹೊರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೇಟೆ ಮತ್ತು ದಂಡು ಪ್ರದೇಶದ ಇತಿಹಾಸ ನಡಿಗೆಗಳಿಗೆ ಬರುವವರು, ಕಾಲೇಜು ವಿದ್ಯಾರ್ಥಿಗಳು, ಅಟ್ಟದ ಮೇಲೆ ಹಳೆಯ ಫೋಟೊ ಸಿಕ್ಕಿತೆಂದು ವಿಚಾರಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹಳೆಯ ದಾಖಲೆಗಳ ಅಳತೆ ಮೈಲಿಯಲ್ಲಿರುವುದರಿಂದ ಅದನ್ನೇ ಉಳಿಸಿಕೊಂಡಿದ್ದೇವೆ. 1 ಮೈಲಿ ಎಂದರೆ ಸುಮಾರು 1.6 ಕಿ.ಮೀ.

ಪಲ್ಲಕ್ಕಿ, ಡೋಲಿ, ತಂಜಾನು, ಮಂಚಿಲು ಎಲ್ಲ ಒಂದೇ ತಾನೆ?

ನಾಲ್ಕನ್ನೂ ಮನುಷ್ಯರೇ ಹೊರುತ್ತಿದ್ದರು, ಅಷ್ಟೇ ಸಮಾನ. ವಸಾಹತು ಕಾಲದ ಪ್ರಯಾಣದ ಪಲ್ಲಕ್ಕಿ ಎಂದರೆ ಮರದ ಪೆಟ್ಟಿಗೆ. ಉದ್ದ ಸುಮಾರು 6 ಅಡಿ, ಒಳಗೆ ಮಲಗಬಹುದು. ಎರಡೂ ಪಕ್ಕ ಸರಿಸುವ ಬಾಗಿಲು, ಒಳಗೆ ಹಾಸಿಗೆ, ದಿಂಬು, ಕಾಲ ಬಳಿ ಚಿಕ್ಕ ಹಲಗೆ ಅಥವಾ ಡ್ರಾಯರು. ಮಳೆ ಬಂದರೆ ಮೇಲೆ ಮೇಣದ ಬಟ್ಟೆ. ಪೆಟ್ಟಿಗೆಯ ಹಿಂದು ಮುಂದಿನಿಂದ ಒಂದೊಂದು ಕೋಲು ಹೊರಟಿರುತ್ತದೆ, ಅದನ್ನು ಕಬ್ಬಿಣದ ಸರಳುಗಳು ಪೆಟ್ಟಿಗೆಗೆ ಬಿಗಿದು ಹಿಡಿದಿರುತ್ತವೆ. ಅದಕ್ಕೂ ಹಿಂದಿನ ದೇಶೀ ಪಲ್ಲಕ್ಕಿಗೆ ಬಿಲ್ಲಿನಂತೆ ಬಾಗಿದ ಒಂದೇ ಬೊಂಬು. ಬಿದಿರು ಎಳೆಯದಾಗಿರುವಾಗಲೇ ಬಗ್ಗಿಸಿ ಬೆಳೆಸಬೇಕಾಗಿದ್ದರಿಂದ ಆ ಬೊಂಬಿಗೇ ಒಳ್ಳೆಯ ಬೆಲೆಯಿತ್ತು.

ಡೋಲಿ ಬಡವರ, ರೋಗಿಗಳ, ಸೈನ್ಯದ ವಾಹನ. ಹಗುರ ಚೌಕಟ್ಟು, ಹಗ್ಗದ ಹೆಣಿಗೆ, ಮೇಲೆ ಬಟ್ಟೆಯ ಮುಸುಕು. ತಂಜಾನು ಕೋಲಿಗೆ ಕಟ್ಟಿದ ತೆರೆದ ಕುರ್ಚಿ. ಊರೊಳಗೆ ಚರ್ಚಿಗೋ ಔತಣಕ್ಕೋ ಹೋಗಲು ಸಾಕು, ರಾತ್ರಿ ಪ್ರಯಾಣಕ್ಕೆ ಆಗದು. ಮಂಚಿಲು ಕರಾವಳಿಯದು: ಉದ್ದ ಕೋಲಿಗೆ ಜೋತುಬಿಟ್ಟ ಜೋಲಿ. ಕಡಿದಾದ ಘಟ್ಟದ ಹಾದಿಯಲ್ಲಿ ಪೆಟ್ಟಿಗೆ ಪಲ್ಲಕ್ಕಿ ತಿರುವಿಗೆ ತಗುಲಿಕೊಳ್ಳುತ್ತದೆ, ಜೋಲಿ ತಗುಲಿಕೊಳ್ಳುವುದಿಲ್ಲ.

ನಾಲ್ಕು ಜನ ಹೊತ್ತರೆ ಸಾಲದೇ? ದಾಖಲೆಗಳಲ್ಲಿ ಹನ್ನೆರಡು, ಹದಿಮೂರು ಜನ ಎಂದಿರುತ್ತದಲ್ಲ?

ಒಂದು ಉದಾಹರಣೆ ಲೆಕ್ಕ ಹಾಕಿ. ಪೆಟ್ಟಿಗೆ 80 ಕೆ.ಜಿ., ಒಳಗಿರುವವರು 70 ಕೆ.ಜಿ., ಹಾಸಿಗೆ, ನೀರಿನ ಹೂಜಿ, ಪುಸ್ತಕ, ಬಂದೂಕು ಎಂದು 20 ಕೆ.ಜಿ. ಒಟ್ಟು 170. ನಾಲ್ಕು ಹೆಗಲಿಗೆ ಹಂಚಿದರೆ ತಲಾ 42 ಕೆ.ಜಿ.ಗಿಂತ ಹೆಚ್ಚು, ಅದೂ ಒಂದೇ ಹೆಗಲ ಮೇಲೆ. ಪ್ರಾಯದ ಗಂಡಸು ಒಂದು ಬಾರಿಗೆ ಹೊರಬಹುದಾದ ಮಿತಿಯೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಹೇಳಿದ್ದು 55 ಕೆ.ಜಿ. ಲಾರಿಯಿಂದ ಗೋಡೌನಿಗೆ ಮೂಟೆ ಸಾಗಿಸುವಂಥ ಕೆಲಸಕ್ಕೆ ಆ ಮಿತಿ, ಹತ್ತು ಮೈಲಿ ನಡೆಯುವುದಕ್ಕಲ್ಲ.

ಹಾಗಾಗಿ ಕನಿಷ್ಠ ಎರಡು ತಂಡ ಬೇಕಿತ್ತು. ನಾಲ್ವರು ಹೊರುವಾಗ ಇನ್ನು ನಾಲ್ವರು ಪಕ್ಕದಲ್ಲಿ ಬರಿಗೈಲಿ ಓಡುತ್ತಾರೆ. ಕೆಲವು ನೂರು ಗಜಕ್ಕೊಮ್ಮೆ ಪಲ್ಲಕ್ಕಿಯನ್ನು ಕೆಳಗಿಳಿಸದೆ, ನಡಿಗೆ ನಿಲ್ಲಿಸದೆ ಹೆಗಲು ಬದಲಾಗುತ್ತದೆ. ಜೊತೆಗೆ ರಾತ್ರಿ ದೀವಟಿಗೆ ಹಿಡಿಯಲು ಒಬ್ಬಿಬ್ಬರು. ದೀವಟಿಗೆ ಎಂದರೆ ಕೋಲಿಗೆ ಸುತ್ತಿದ ಬಟ್ಟೆ, ಅದಕ್ಕೆ ಆಗಾಗ ಎಣ್ಣೆ ಹನಿಸುತ್ತಲೇ ಓಡಬೇಕು. ಪೆಟ್ಟಿಗೆ ಸಾಮಾನಿಗೆ ಇಬ್ಬರು ಕಾವಡಿಯವರು. ದಕ್ಷಿಣದ ದೂರ ಪ್ರಯಾಣಗಳಲ್ಲಿ ಬೋಯಿಗಳೇ, ಅಂದರೆ ಪಲ್ಲಕ್ಕಿ ಹೊರುವವರೇ, ಹನ್ನೆರಡು ಜನ ಇರುತ್ತಿದ್ದರು. ಒಬ್ಬ ಅಧಿಕಾರಿ ಮಲಗಿಕೊಂಡು ಹೋಗಬೇಕಾದರೆ ಹತ್ತು ಹದಿನೈದು ಜನ ಎಚ್ಚರವಿರಬೇಕಿತ್ತು.

ಅವರು ಹಾಡುತ್ತಿದ್ದರಂತೆ. ಮನರಂಜನೆಗೋ?

ಸವಾರರು ಬರೆದಿಟ್ಟ ದಿನಚರಿಗಳಲ್ಲಿ ಅದನ್ನು ನರಳಾಟ ಎಂದೋ ಹಾಡು ಎಂದೋ ಬರೆದಿರುತ್ತಾರೆ. ಅದು ಕೆಲಸದ ಸಲಕರಣೆ. ಹಿಂದಿನವನ ಕಣ್ಣಿಗೆ ಪೆಟ್ಟಿಗೆಯ ಹಿಂಬದಿ ಬಿಟ್ಟರೆ ದಾರಿ ಕಾಣುವುದಿಲ್ಲ. ಕಲ್ಲು, ಗುಂಡಿ, ನೀರು, ಎಡಕ್ಕೆ ತಿರುವು ಎಂದು ಮುಂದಿನವನು ಕೂಗಿ ಹೇಳಬೇಕು, ಹಿಂದಿನವನು ಕೇಳಿಸಿತೆಂದು ಓಗೊಡಬೇಕು. ಹೆಗಲು ಬದಲಿಸುವ ಗಳಿಗೆಯೂ ಆ ಲಯದಲ್ಲೇ ತಿಳಿಯುತ್ತಿತ್ತು. ಲಯದೊಳಗೆ ಒಳಗಿರುವವನ ತೂಕ, ಜಿಪುಣತನಗಳ ಬಗ್ಗೆ ನಾಲ್ಕು ಮಾತು ಸೇರಿಕೊಳ್ಳುತ್ತಿದ್ದವು. ಭಾಷೆ ಬಾರದ ದೊರೆ ತಲೆದೂಗುತ್ತಿದ್ದ.

ನಡಿಗೆಯಲ್ಲೂ ವಿದ್ಯೆಯಿದೆ. ಸಿಪಾಯಿಗಳಂತೆ ನಾಲ್ವರೂ ಒಟ್ಟಿಗೆ ಹೆಜ್ಜೆ ಹಾಕಿದರೆ ಪ್ರತಿ ಹೆಜ್ಜೆಗೂ ಪೆಟ್ಟಿಗೆ ಏರಿಳಿಯುತ್ತದೆ, ಒಳಗಿರುವವನಿಗೆ ಹೊಟ್ಟೆ ತೊಳಸುತ್ತದೆ, ಹೊರುವವನ ಹೆಗಲಿಗೆ ಕುಟ್ಟಿದಂತಾಗುತ್ತದೆ. ಅದಕ್ಕೇ ಹೆಜ್ಜೆ ಗಿಡ್ಡ, ಮಂಡಿ ತುಸು ಬಾಗಿರಬೇಕು, ಪಾದ ನೆಲ ಬಿಟ್ಟು ಹೆಚ್ಚು ಮೇಲೇಳಬಾರದು, ಹಿಂದಿನ ಜೋಡಿಯ ಹೆಜ್ಜೆ ಮುಂದಿನ ಜೋಡಿಯ ಹೆಜ್ಜೆಗೆ ಹೊಂದಬಾರದು. ಕೋಲಿನ ಕೆಳಗೆ ಒಬ್ಬ ಬಲಹೆಗಲು ಕೊಟ್ಟರೆ ಅವನ ಹಿಂದಿನವನು ಎಡಹೆಗಲು ಕೊಡುತ್ತಾನೆ. ಇಲ್ಲದಿದ್ದರೆ ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲುತ್ತದೆ. ವರ್ಷಗಟ್ಟಲೆ ಹೊತ್ತವರ ಹೆಗಲಲ್ಲಿ ದಪ್ಪ ಗಂಟು ಕಟ್ಟಿರುತ್ತಿತ್ತು. ಹಳೆಯ ಚಿತ್ರಗಳಲ್ಲಿ ಬರಿಮೈಯ ಬೋಯಿಗಳಿದ್ದರೆ ಅದು ಕಾಣಸಿಗುತ್ತದೆ.

ಬೆಟ್ಟ ಹತ್ತುವಾಗ ಯಾರಿಗೆ ಹೆಚ್ಚು ಭಾರ?

ಇದಕ್ಕೆ ಎಲ್ಲರೂ ಥಟ್ಟನೆ ಕೊಡುವ ಉತ್ತರ “ಹಿಂದಿನವರಿಗೆ”. ಅದು ಅರ್ಧ ಸರಿ. ಕೋಲಿನ ಮಟ್ಟಕ್ಕಿಂತ ಮೇಲೆ ಆಳು ಕೂತಿರುವ ಕುರ್ಚಿಯಾದರೆ ಏರಿನಲ್ಲಿ ಭಾರ ಕೆಳಗಿನವರ ಕಡೆ ವಾಲುತ್ತದೆ, ಅಂದರೆ ಹಿಂದಿನವರಿಗೆ ಹೆಚ್ಚು. ಕೋಲಿನಿಂದ ಕೆಳಗೆ ತೂಗುವ ಪೆಟ್ಟಿಗೆಯಾದರೆ ಗುರುತ್ವ ಕೇಂದ್ರ ಕೋಲಿಗಿಂತ ಕೆಳಗಿರುತ್ತದೆ, ಏರಿನಲ್ಲಿ ಅದು ಮುಂದಕ್ಕೆ ಸರಿಯುತ್ತದೆ, ಮೇಲಿನವರೇ ಹೆಚ್ಚು ಹೊರುತ್ತಾರೆ. ಅನುಭವಸ್ಥ ತಂಡ ಏರು ಶುರುವಾಗುವ ಮುಂಚೆ ಗಟ್ಟಿ ಆಳುಗಳನ್ನು ಅತ್ತಿತ್ತ ಬದಲಿಸುತ್ತದೆ. ಇಳಿಜಾರಿನಲ್ಲಿ ಭಾರಕ್ಕಿಂತ ಮಂಡಿಯದೇ ಸಮಸ್ಯೆ. ಮಳೆಗಾಲದಲ್ಲಿ ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗ.

ಬೆಂಗಳೂರಿನಿಂದ ಮದರಾಸಿಗೆ ಪಲ್ಲಕ್ಕಿಯಲ್ಲಿ ಹೋಗಲು ಏನೇನು ಏರ್ಪಾಡು ಬೇಕಿತ್ತು?

ಒಂದೇ ತಂಡವನ್ನು ಪೂರ್ತಿ ದಾರಿಗೆ ಕರೆದೊಯ್ಯಬಹುದಿತ್ತು, ಆದರೆ ನಿಧಾನ. ಅವಸರದವರು ಅಂಚೆ ಕ್ರಮದಲ್ಲಿ ಹೋಗುತ್ತಿದ್ದರು: ದಾರಿಯುದ್ದಕ್ಕೂ ಹತ್ತು ಹನ್ನೆರಡು ಮೈಲಿಗೊಂದು ಹೊಸ ತಂಡ ಕಾದಿರುತ್ತದೆ. ದಾರಿ ಸುಮಾರು 200 ಮೈಲಿ. ಹತ್ತು ಮೈಲಿಗೊಂದು ಎಂದರೆ ಇಪ್ಪತ್ತು ಕಡೆ ತಂಡಗಳು. ಪ್ರತಿ ತಂಡಕ್ಕೆ ದೀವಟಿಗೆ, ಕಾವಡಿಯವರೂ ಸೇರಿ ಹನ್ನೆರಡು ಜನ ಎಂದರೆ ಒಬ್ಬ ಸವಾರನಿಗೆ 240 ಆಳು! ಗಂಟೆಗೆ ಮೂರೂವರೆ ಮೈಲಿಯಂತೆ ಬರಿಯ ನಡಿಗೆಯೇ 57 ಗಂಟೆ. ಬಿಸಿಲಿನ ಹೊತ್ತು ಮುಸಾಫಿರ್ ಬಂಗಲೆಯಲ್ಲಿ ತಂಗಿ ರಾತ್ರಿ ಸಾಗುವುದೇ ರೂಢಿಯಾಗಿದ್ದರಿಂದ ಐದಾರು ದಿನ ಹಿಡಿಯುತ್ತಿತ್ತೆಂದು ಲೆಕ್ಕ ಹಾಕಬಹುದು.

ಕ್ರಮ ಹೀಗೆ. ಹೊರಡುವ ಕೆಲವು ದಿನ ಮೊದಲೇ ಅಂಚೆ ಅಧಿಕಾರಿಗೆ ಹೊರಡುವ ದಿನ, ಗಂಟೆ, ದಾರಿ, ಎಲ್ಲಿ ತಂಗುವುದು ಎಂಬುದನ್ನು ಬರೆದು ಕೊಡಬೇಕು. ಪೂರ್ತಿ ಹಣ ಮುಂಗಡ. ಅದರ ಮೇಲೆ ವಿಳಂಬದ ಠೇವಣಿ ಬೇರೆ: ಸವಾರನೇ ತಡ ಮಾಡಿ ಮುಂದಿನ ತಂಡವನ್ನು ಕಾಯಿಸಿದರೆ ಅದರಿಂದ ಕಡಿತ. ಅಧಿಕಾರಿ ಪ್ರತಿ ಠಾಣೆಗೂ ಕಾಗದ ಕಳಿಸುತ್ತಾನೆ. ಕಾಗದ ಒಯ್ಯುವವನೂ ಓಡುವ ಆಳೇ. ಮೈಸೂರಿನಲ್ಲಿ ಈ ಓಟದ ಅಂಚೆ ಬ್ರಿಟಿಷರ ಸೃಷ್ಟಿಯಲ್ಲ. ಚಿಕ್ಕದೇವರಾಜ ಒಡೆಯರ್ 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ 1889ರವರೆಗೆ ಪ್ರತ್ಯೇಕವಾಗಿಯೇ ಇತ್ತು. ಬೆಂಗಳೂರಿನ ಅಂಚೆಪೇಟೆಯ ಹೆಸರಲ್ಲಿ ಅದು ಇನ್ನೂ ಇದೆ.

ಏರ್ಪಾಡು ಎಲ್ಲಿ ಕೆಡುತ್ತಿತ್ತು?

ಬಹುಪಾಲು ಮುಂದಿನ ಠಾಣೆಯಲ್ಲಿ. ಕಾಗದ ತಡವಾಗಿ ತಲುಪಿದರೆ ತಂಡವಿಲ್ಲ. ಬಂದವರು ಹತ್ತು ಮೈಲಿ ಹೊತ್ತು ದಣಿದಿದ್ದಾರೆ, ಇನ್ನು ಹತ್ತು ಮೈಲಿ ಹೊರಲು ಒಪ್ಪುವುದಿಲ್ಲ. ಸವಾರ ದಾರಿಯ ನಡುವೆ, ಪೆಟ್ಟಿಗೆಯೊಳಗೆ, ಬೆಳಗಾಗುವವರೆಗೆ. “ಬೋಯಿಗಳು ನಡುರಾತ್ರಿ ಬಿಟ್ಟು ಓಡಿದರು” ಎಂಬ ದೂರು ಇಂಗ್ಲಿಷ್ ದಿನಚರಿಗಳಲ್ಲಿ ಬೇಕಾದಷ್ಟಿದೆ. ಅಂಥ ದೂರು ಓದುವಾಗ ಎರಡು ಸಂಗತಿ ವಿಚಾರಿಸಿ. ಒಂದು, ಅದು ನಾಟಿಯ ಅಥವಾ ಕೊಯ್ಲಿನ ತಿಂಗಳೇ? ಎರಡು, ಹಣ ಯಾರ ಕೈಗೆ ಹೋಗಿತ್ತು? ಮುಂಗಡ ಕಚೇರಿಗೆ, ಕಚೇರಿಯಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ತಂಡಕ್ಕೆ. ಪ್ರತಿ ಕೈಯಲ್ಲೂ ಒಂದಿಷ್ಟು ಅಂಟಿಕೊಳ್ಳುತ್ತದೆ. ಹೊತ್ತವನ ಕೈಗೆ ನೇರವಾಗಿ ಸಿಗುತ್ತಿದ್ದದ್ದು ಠಾಣೆಯ ಕೊನೆಗೆ ಸವಾರ ಮನಸ್ಸು ಬಂದರೆ ಕೊಡುವ ಇನಾಮು. ಇನ್ನು ವಾಪಸು ದಾರಿ ಇದ್ದೇ ಇದೆ. ಹತ್ತು ಮೈಲಿ ಹೊತ್ತವನು ಹತ್ತು ಮೈಲಿ ಬರಿಗೈಲಿ ನಡೆದು ಊರು ಸೇರಬೇಕು. ಆ ದಿನ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಉಳಿದದ್ದು ಸಣ್ಣಪುಟ್ಟ: ಹೊಳೆ ತುಂಬುವುದು, ಎಣ್ಣೆ ಮುಗಿದು ದೀವಟಿಗೆ ಆರುವುದು, ಸರಳಿನ ಬೋಲ್ಟು ಸಡಿಲವಾಗಿ ಕೋಲು ಕಿರುಗುಟ್ಟುವುದು.

ಹೊರುತ್ತಿದ್ದವರು ಯಾರು?

ದಾಖಲೆಗಳಲ್ಲಿ ಬೋಯಿ ಎಂದಿರುತ್ತದೆ. ಮೈಸೂರು ಸೀಮೆಯಲ್ಲಿ ಮೀನು ಹಿಡಿಯುವ, ದೋಣಿ ನಡೆಸುವ ಸಮುದಾಯಗಳೇ ಪಲ್ಲಕ್ಕಿಯನ್ನೂ ಹೊರುತ್ತಿದ್ದವೆಂದು 1891ರ ಮೈಸೂರು ಜನಗಣತಿ ಹೇಳುತ್ತದೆ. ಸೀಮೆಗೊಂದು ಹೆಸರು: ಬೆಸ್ತ, ತೊರೆಯ, ಅಂಬಿಗ, ಕಬ್ಬೇರ, ಗಂಗೆಮಕ್ಕಳು. ಮಳೆಗಾಲದಲ್ಲಿ ಹೊಳೆ ದಾಟಿಸುವವರೂ ಅವರೇ, ಬೇಸಿಗೆಯಲ್ಲಿ ಹೊರುವವರೂ ಅವರೇ ಆಗಿದ್ದಲ್ಲಿ ಅದು ಪ್ರಯಾಣಿಕರಿಗೆ ಅನುಕೂಲವೇ. ಆದರೆ ಇದನ್ನು “ಅವರ ಕುಲಕಸುಬು” ಎಂದು ಬರೆದು ಮುಗಿಸುವುದು ಸರಿಯಲ್ಲ. ಸರಕಾರಿ ಸಾಮಾನು ಹೊರುವ ಪ್ರಸಂಗ ಬಂದಾಗ ಹಳ್ಳಿಯ ತೋಟಿ, ತಳವಾರರಿಂದ ಹಿಡಿದು ಹೊಲದಲ್ಲಿದ್ದ ಕೂಲಿಯವರವರೆಗೆ ಸಿಕ್ಕವರನ್ನೆಲ್ಲ ಎಳೆದು ತರುತ್ತಿದ್ದರು.

ಪಲ್ಲಕ್ಕಿ ಬ್ರಿಟಿಷರಿಗಿಂತ ಮುಂಚೆಯೂ ಇತ್ತಲ್ಲ. ಅವರನ್ನೇಕೆ ದೂರಬೇಕು?

ಇತ್ತು. ಅಂದಣದ, ಅಂದರೆ ಪಲ್ಲಕ್ಕಿ ಏರುವ, ಗೌರವ ರಾಜರು ಕೊಡಬೇಕಾದದ್ದು, ದುಡ್ಡಿದ್ದವರೆಲ್ಲ ಏರುವ ಹಾಗಿರಲಿಲ್ಲ. ಇದರಲ್ಲಿ ಟಿಪ್ಪು ಸುಲ್ತಾನನದು ವಿಚಿತ್ರ ಪ್ರಸಂಗ. ಕುದುರೆ ಸವಾರಿಯನ್ನು ಮೆಚ್ಚುತ್ತಿದ್ದ ಆತ ಪಲ್ಲಕ್ಕಿಯನ್ನು ಹೀಯಾಳಿಸುತ್ತಿದ್ದ, ವಯಸ್ಸಾದವರಿಗೂ ಅಶಕ್ತರಿಗೂ ಸಹ ಬಹುಮಟ್ಟಿಗೆ ನಿಷೇಧಿಸಿದ್ದ ಎಂದು ಮೈಸೂರಿನಲ್ಲಿ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ರಾತ್ರಿ ಕೋಟೆಯ ಬಾಗಿಲ ಕಮಾನಿನಡಿ ಸಿಕ್ಕ ಅವನ ದೇಹವನ್ನು ಅರಮನೆಗೆ ಒಯ್ದದ್ದು ಪಲ್ಲಕ್ಕಿಯಲ್ಲೇ.

ಈಸ್ಟ್ ಇಂಡಿಯಾ ಕಂಪನಿ ಮೊದಮೊದಲು ಪಲ್ಲಕ್ಕಿಯನ್ನು ತನ್ನವರಿಗೇ ನಿಷೇಧಿಸಲು ನೋಡಿತು. 18ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ನಿರ್ದೇಶಕರು ಕಿರಿಯ ಗುಮಾಸ್ತರು ಪಲ್ಲಕ್ಕಿ ಇಟ್ಟುಕೊಳ್ಳಕೂಡದೆಂದು ಆಜ್ಞೆ ಹೊರಡಿಸಿದರು. ಬೋಯಿಗಳ ಮೇಲಿನ ಕನಿಕರ ಇದಕ್ಕೆ ಕಾರಣವಲ್ಲ. ಸಾಲ ಮಾಡಿ ನವಾಬರಂತೆ ಬದುಕುವ ಹುಡುಗರಿಂದ ವ್ಯಾಪಾರ ಕೆಡುತ್ತದೆಂಬ ಲೆಕ್ಕ. ರಾಜ್ಯ ಕೈಗೆ ಬಂದಮೇಲೆ ಮಾತು ಬದಲಾಯಿತು. ಮೊದಲು ಅಂದಣ ಏರುವವರು ಬೆರಳೆಣಿಕೆ, ಹೊರುವವರಿಗೆ ಅರಮನೆಯಿಂದಲೋ ಮಠದಿಂದಲೋ ಇನಾಮು ಭೂಮಿ ಇರುತ್ತಿತ್ತು. ಹೊಸ ಆಡಳಿತದಲ್ಲಿ ಸವಾರರು ಹೆಚ್ಚಾದರು. ಕಲೆಕ್ಟರು, ಸರ್ಜನ್ನು, ಸರ್ವೆಯವರು, ಪಾದ್ರಿ, ಅವರ ಹೆಂಡತಿ ಮಕ್ಕಳು, ವರ್ಗಾವಣೆಯಾದಾಗಲೆಲ್ಲ ಸಂಸಾರ ಸಾಮಾನು. 1809ರಲ್ಲಿ ಬೆಂಗಳೂರು ದಂಡು ನೆಲೆಯಾದ ಮೇಲೆ, 1831ರಲ್ಲಿ ಮೈಸೂರಿನ ಆಡಳಿತವೇ ಬ್ರಿಟಿಷ್ ಕಮಿಷನರ ಕೈಸೇರಿ ಬೆಂಗಳೂರು ಕೇಂದ್ರವಾದ ಮೇಲೆ, ಹೆಗಲಿನ ಬೇಡಿಕೆ ವರ್ಷಪೂರ್ತಿಯದಾಯಿತು. ಇನಾಮು ಭೂಮಿಯ ಆಸರೆ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಅಡ್ಡಪಲ್ಲಕ್ಕಿ ಜಗಳವೂ ಇದೇ ವಿಷಯವೇ?

ಹೌದು, ನೇರವಾಗಿ. ಮಾಮೂಲಿ ಪಲ್ಲಕ್ಕಿಯ ಕೋಲು ದಾರಿಯ ಉದ್ದಕ್ಕಿರುತ್ತದೆ, ಪಕ್ಕದಲ್ಲಿ ಗಾಡಿ ಹೋಗಬಹುದು. ಅಡ್ಡಪಲ್ಲಕ್ಕಿಯಲ್ಲಿ ಕೋಲು ದಾರಿಗೆ ಅಡ್ಡ. ಪಲ್ಲಕ್ಕಿ ಅಡ್ಡಡ್ಡ ಸಾಗುವಾಗ ರಸ್ತೆ ಪೂರ್ತಿ ಅದರದ್ದು, ಎದುರು ಬಂದವರು ನಿಲ್ಲಬೇಕು ಇಲ್ಲವೇ ಹಿಂದೆ ಸರಿಯಬೇಕು. ಅದಕ್ಕೇ ಅದು ಗುರುಪೀಠಗಳ ಬಿರುದುಗಳಲ್ಲಿ ಒಂದಾಯಿತು. ಹೊರುವವರಿಗೂ ಇದು ಕಷ್ಟದ ಕೆಲಸ: ಎರಡು ತುದಿಯವರು ರಸ್ತೆಯ ಎರಡು ಅಂಚಿನಲ್ಲಿ, ಒಂದೊಂದು ಅಂಚು ಒಂದೊಂದು ಮಟ್ಟದಲ್ಲಿ, ತಿರುವಿನಲ್ಲಿ ಒಳಗಿನವರು ನಿಂತಲ್ಲೇ ನಿಂತಿರಬೇಕು, ಹೊರಗಿನವರು ಓಡಬೇಕು.

ಈ ಹಕ್ಕು ತಮಗೊಬ್ಬರಿಗೇ ಸೇರಿದ್ದೆಂದು ಶಂಕರಭಾರತಿ ಸ್ವಾಮಿಗಳು ಸಿದ್ಧಲಿಂಗಯ್ಯ ಚರಂತಿ ಎಂಬುವರ ವಿರುದ್ಧ ಹೂಡಿದ ದಾವೆ ಬೊಂಬಾಯಿಯ ಮೇಲಿನ ಕೋರ್ಟಾದ ಸದರ್ ಅದಾಲತ್ತನ್ನೂ ದಾಟಿ 1843ರಲ್ಲಿ ಕಟ್ಟಕಡೆಯ ಮೇಲ್ಮನವಿಯ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಂತು. ಇಂಥ ಗೌರವದ ತಕರಾರು ದಿವಾಣಿ ಕೋರ್ಟಿನ ವ್ಯಾಪ್ತಿಗೆ ಬರುತ್ತದೆಯೇ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ. ಕನ್ನಡ ನಾಡಿನ ರಸ್ತೆಯಲ್ಲಿ ಯಾರ ಪಲ್ಲಕ್ಕಿಯ ಕೋಲು ಯಾವ ದಿಕ್ಕಿಗಿರಬೇಕು ಎಂಬುದನ್ನು ಲಂಡನ್ನಿನ ನ್ಯಾಯಾಧೀಶರು ಕೂತು ವಿಚಾರಿಸಿದರು. ಆ ಪ್ರಕರಣದ ಪುಟಗಳಲ್ಲಿ ಹೊರುವವರು ಪಕ್ಷಗಾರರಲ್ಲ.

ಕೂಲಿ ಕೊಡುತ್ತಿದ್ದರಲ್ಲ? ಹಾಗಾದರೆ ಬಿಟ್ಟಿ ಎನ್ನುವುದು ಹೇಗೆ?

ಕಾಗದದ ಮೇಲೆ ಕೂಲಿ ಇರುತ್ತಿತ್ತು. ಅಧಿಕಾರಿಯ ಜಮಾಬಂದಿ ಸರ್ಕೀಟು, ಅಂದರೆ ಕಂದಾಯದ ಲೆಕ್ಕ ನೋಡಲು ಊರೂರು ಸುತ್ತುವುದನ್ನು, ನೆನೆಯಿರಿ. ನಾಳೆ ಇಂಥ ಊರಲ್ಲಿ ಡೇರೆ ಎಂದು ಹುಕುಂ ಬರುತ್ತದೆ. ಪಟೇಲ, ಶಾನುಭೋಗರು ಹಾಲು, ಸೌದೆ, ಹುಲ್ಲು, ಕೋಳಿಯ ರಸ್ತು ಹೊಂದಿಸಬೇಕು, ಸಾಮಾನಿಗೆ ಇಷ್ಟು ಗಾಡಿ, ಇಷ್ಟು ಆಳು ಒದಗಿಸಬೇಕು. ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಆಳಿಗಿಲ್ಲ. ಯಾವ ದಿನ, ಎಷ್ಟು ದೂರ, ಎಷ್ಟು ಹೊರೆ ಎಂದು ಕೇಳುವಂತಿಲ್ಲ. ಆಮೇಲೆ ನಾಲ್ಕು ಕಾಸು ಕೊಟ್ಟರೂ ಅದು ಬಿಟ್ಟಿಯೇ.

ಸರಕಾರಕ್ಕೆ ಇದು ತಿಳಿದೇ ಇತ್ತು. ಬಂಗಾಳದ 1806ರ 11ನೇ ರೆಗ್ಯುಲೇಷನ್ ಸೈನ್ಯಕ್ಕೂ ಪ್ರಯಾಣಿಕರಿಗೂ ಆಳು, ಗಾಡಿ, ದೋಣಿ ಒದಗಿಸಲು ಸ್ಥಳೀಯ ಅಧಿಕಾರಿಗಳು ನೆರವಾಗಬೇಕೆಂದಿತು. ಅದರ ದುರುಪಯೋಗ ಮಿತಿಮೀರಿ, 1820ರ 3ನೇ ರೆಗ್ಯುಲೇಷನ್‌ನಲ್ಲಿ ಜನರನ್ನು ಬಲವಂತವಾಗಿ ಹೊರೆಗೆ ಹಿಡಿಯಕೂಡದೆಂದು ಹೇಳಬೇಕಾಯಿತು. ಇವು ಬಂಗಾಳದ ಕಾನೂನು, ಮೈಸೂರಿನದಲ್ಲ. ಆದರೆ ನಿಷೇಧದ ಮೇಲೆ ನಿಷೇಧ ಬಂದರೂ ಪದ್ಧತಿ ನೂರು ವರ್ಷ ನಡೆದದ್ದಕ್ಕೆ ಕಾರಣ ಎಲ್ಲ ಕಡೆಗೂ ಒಂದೇ. ಆದೇಶ ಜಾರಿ ಮಾಡಬೇಕಾದವನೇ ನಾಳೆ ಸರ್ಕೀಟು ಹೊರಡಬೇಕಾದವನು.

1930ರ ಅಂತರರಾಷ್ಟ್ರೀಯ ಬಲವಂತ ದುಡಿಮೆ ಒಪ್ಪಂದದ 18ನೇ ವಿಧಿ ಇದೇ ವಿಷಯಕ್ಕೆ ಮೀಸಲು. ಬಲವಂತದ ಹೊರೆಯನ್ನು ಆದಷ್ಟು ಬೇಗ ನಿಲ್ಲಿಸಬೇಕು, ಅಲ್ಲಿಯವರೆಗೆ ಗರಿಷ್ಠ ತೂಕ, ಮನೆಯಿಂದ ಗರಿಷ್ಠ ದೂರ, ತಿಂಗಳಿಗೆ ಗರಿಷ್ಠ ದಿನ ನಿಗದಿ ಮಾಡಬೇಕು, ಆ ದಿನಗಳಲ್ಲಿ ವಾಪಸು ನಡೆಯುವ ದಿನವೂ ಸೇರಬೇಕು ಎನ್ನುತ್ತದೆ. ಮೇಲೆ ಹೇಳಿದ ಬರಿಗೈ ಹತ್ತು ಮೈಲಿ ಕಡೆಗೂ ಒಂದು ಕಾನೂನಿನ ಕಣ್ಣಿಗೆ ಬಿತ್ತು. ಭಾರತ ಅದನ್ನು ಅಂಗೀಕರಿಸಿದ್ದು 1954ರಲ್ಲಿ. ಅಷ್ಟರಲ್ಲಿ ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿಯಾಗಿತ್ತು.

ಹೊರುವವರು ಎದುರು ನಿಂತದ್ದೇ ಇಲ್ಲವೇ?

ಎರಡು ಪ್ರಸಂಗ ತಪ್ಪದೆ ತಿಳಿದಿರಬೇಕು.

ಮೊದಲನೆಯದು 1827ರ ಕಲ್ಕತ್ತಾ. ಅಲ್ಲಿನ ಬೋಯಿಗಳಲ್ಲಿ ಹೆಚ್ಚಿನವರು ಒಡಿಶಾದವರು. ಪ್ರತಿಯೊಬ್ಬ ಬೋಯಿ ಲೈಸೆನ್ಸ್ ಪಡೆಯಬೇಕು, ಬಿಲ್ಲೆ ಧರಿಸಬೇಕು, ಗೊತ್ತುಮಾಡಿದ ದರಕ್ಕೇ ಹೊರಬೇಕೆಂದು ಪೊಲೀಸರು ನಿಯಮ ತಂದರು. ಬೋಯಿಗಳು ಮೈದಾನದಲ್ಲಿ ಸೇರಿ, ನಿಯಮ ಹಿಂದೆಗೆಯುವವರೆಗೆ ಹೆಗಲು ಕೊಡುವುದಿಲ್ಲವೆಂದು ನಿಂತರು. ಬಿಲ್ಲೆಯ ಅವಮಾನ ಒಂದು ಕಡೆ, ದರದ ಲೆಕ್ಕ ಇನ್ನೊಂದು ಕಡೆ. ಗಂಟೆ ನೋಡಿ ಬಾಡಿಗೆ ಎಂದಾದರೆ ಗಡಿಯಾರ ಇರುವುದು ಸವಾರನ ಜೇಬಿನಲ್ಲಿ. ಊರಿನ ಸಾಹೇಬರು ದಿನಗಟ್ಟಲೆ ನಡೆಯಬೇಕಾಯಿತು. ಕೊನೆಗೆ ಮುಷ್ಕರ ಸೋಲಲು ಎರಡು ಕಾರಣ: ಉತ್ತರದ ಕಡೆಯಿಂದ ರವಾನಿ ಎಂಬ ಸಮುದಾಯದ ಬೋಯಿಗಳು ಬಂದು ಆ ಜಾಗ ಹಿಡಿದರು, ಕುದುರೆ ಗಾಡಿಯ ಬಳಕೆ ಹೆಚ್ಚಿತು. ಬ್ರೌನ್‌ಲೋ ಎಂಬಾತ ತನ್ನ ಪಲ್ಲಕ್ಕಿಗೆ ಚಕ್ರ ಜೋಡಿಸಿ ಕುದುರೆ ಕಟ್ಟಿದನೆಂದೂ ಬ್ರೌನ್‌ಬೆರಿ ಎಂಬ ಗಾಡಿ ಹುಟ್ಟಿದ್ದು ಹಾಗೆಂದೂ ಹೇಳುತ್ತಾರೆ.

ಎರಡನೆಯದು ಇಂದಿನ ಉತ್ತರಾಖಂಡದ ಕುಮಾವೂ ಬೆಟ್ಟಸೀಮೆ. ಅಲ್ಲಿ ಯಾವ ಮನೆಯ ಸರದಿ ಯಾವಾಗ ಎಂದು ಬಿಟ್ಟಿ ಹೊರೆಯ ರಿಜಿಸ್ಟರೇ ಇರುತ್ತಿತ್ತು. 1921ರ ಸಂಕ್ರಾಂತಿ, ಬಾಗೇಶ್ವರದ ಜಾತ್ರೆ. ಬದರೀದತ್ತ ಪಾಂಡೆ ಮೊದಲಾದವರ ಮುಂದಾಳತ್ವದಲ್ಲಿ ಜನ ಆ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಹೆಸರೇ ಇಲ್ಲದ ಮೇಲೆ ಸರದಿ ಯಾರದು? ಅದೇ ಕಾಲಕ್ಕೆ ಶಿಮ್ಲಾ ಬೆಟ್ಟಗಳಲ್ಲಿ ಸತ್ಯಾನಂದ ಸ್ಟೋಕ್ಸ್ ಬೇಗಾರಿನ (ಬಿಟ್ಟಿ ದುಡಿಮೆಯ) ವಿರುದ್ಧ ಚಳವಳಿ ನಡೆಸುತ್ತಿದ್ದರು. ಒಂದು ಊರಿನ ಬೋಯಿಗಳಿಗೆ ಬದಲಿ ಆಳು ಸಿಕ್ಕಬಹುದು. ಬೆಟ್ಟದ ಇಡೀ ಸೀಮೆಯೇ ಒಲ್ಲೆನೆಂದರೆ ಸಿಕ್ಕುವುದಿಲ್ಲ. ಕಲ್ಕತ್ತಾದಲ್ಲಿ ಸೋತು ಬಾಗೇಶ್ವರದಲ್ಲಿ ಗೆದ್ದದ್ದಕ್ಕೆ ನಮ್ಮ ಪ್ರಕಾರ ಇದೇ ದೊಡ್ಡ ಕಾರಣ.

ಬೆಂಗಳೂರಿನಲ್ಲಿ ಪಲ್ಲಕ್ಕಿ ಪ್ರಯಾಣ ಯಾವಾಗ ನಿಂತಿತು?

ಒಂದು ದಿನ ನಿಂತದ್ದಲ್ಲ. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ 1834ರಿಂದ 1861ರ ನಡುವೆ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು. ಗಾಡಿ ಹೋಗುವ ರಸ್ತೆ, ಹೊಳೆಗೆ ಸೇತುವೆ ಇದ್ದಲ್ಲಿ ಎತ್ತು, ಕುದುರೆ ಅಗ್ಗ. 1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂತು, ಮದರಾಸಿನ ದಾರಿಯ ಇಪ್ಪತ್ತು ತಂಡಗಳಿಗೆ ಕೆಲಸವಿಲ್ಲವಾಯಿತು. ರೈಲು ಮುಟ್ಟದ ಮಲೆನಾಡಿಗೆ, ಬೆಟ್ಟಗಳಿಗೆ, ಗೋಷಾ (ಪರದೆ ಪಾಲಿಸುವ) ಹೆಂಗಸರಿಗೆ, ರೋಗಿಗಳಿಗೆ ಹೆಗಲೇ ಗತಿಯಾಗಿ ಇನ್ನಷ್ಟು ಕಾಲ ಉಳಿಯಿತು.

ಕೈರಿಕ್ಷಾ ಬಂದದ್ದು ಸುಧಾರಣೆಯೇ?

ಹೊರುವ ಆಳುಗಳ ಸಂಖ್ಯೆ ಇಳಿಯಿತು, ಅಷ್ಟರಮಟ್ಟಿಗೆ. 1870ರ ಆಸುಪಾಸಿನಲ್ಲಿ ಜಪಾನಿನಲ್ಲಿ ಹುಟ್ಟಿದ ಕೈರಿಕ್ಷಾ 1880ರ ಹೊತ್ತಿಗೆ ಶಿಮ್ಲಾಕ್ಕೆ ಬಂತು. ಅಲ್ಲಿನ ಏರಿಗೆ ಇಬ್ಬರು ಎಳೆದು ಇಬ್ಬರು ತಳ್ಳಬೇಕು, ಮತ್ತೆ ನಾಲ್ಕೇ ಜನ. ಕಲ್ಕತ್ತಾದ ಸಮತಟ್ಟಿನಲ್ಲಿ ಮಾತ್ರ ಒಬ್ಬನೇ ಎಳೆಯಬಲ್ಲ.

ಪ್ರಯಾಣಿಕರನ್ನಲ್ಲದೆ ಇನ್ನೇನು ಹೊರುತ್ತಿದ್ದರು?

ರಾಜ್ಯವನ್ನೇ ಹೊತ್ತರೆಂದರೂ ತಪ್ಪಿಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರ್ವೆಯ ಲೆಕ್ಕಕ್ಕೆ ಆಧಾರವಾದ, ಏಳು ಮೈಲಿಗೂ ಉದ್ದದ ಅಡಿರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಅನಂತರ ದಕ್ಷಿಣದ ಸರ್ವೆಗೆ ಬಂದ ದೊಡ್ಡ ಥಿಯೊಡೊಲೈಟ್ (ಕೋನ ಅಳೆಯುವ ಉಪಕರಣ) ಅರ್ಧ ಟನ್ ತೂಕ, ಅದನ್ನು ಹೊರಲು ಹನ್ನೆರಡು ಆಳು. ಗಾಡಿಗೆ ಹಾಕಿದರೆ ಕುಲುಕಾಟಕ್ಕೆ ಅಳತೆಯ ಗೆರೆಗಳೇ ಕೆಡುತ್ತವೆಂದು ಸೂಕ್ಷ್ಮ ಉಪಕರಣಗಳನ್ನು ಹೆಗಲ ಮೇಲೆ ಸಾಗಿಸುವುದೇ ಸುರಕ್ಷಿತ. ನಕ್ಷೆಯ ಮೂಲೆಯಲ್ಲಿ ಸರ್ವೆಯವನ ಸಹಿ ಇದೆ.

ಯುದ್ಧದಲ್ಲಿ ಗಾಯಾಳುಗಳ ಡೋಲಿ ಹೊತ್ತವರು ಗುಂಡಿನ ಸಾಲಿನವರೆಗೂ ಹೋಗುತ್ತಿದ್ದರು, ಕೈಯಲ್ಲಿ ಆಯುಧವಿಲ್ಲದೆ.

ಭಾರತದ ಹೊರಗೂ ಹೀಗೆಯೇ ಇತ್ತೇ?

ಮೊಜಾಂಬಿಕ್, ನ್ಯಾಸಾಲ್ಯಾಂಡ್‌ (ಇಂದಿನ ಮಲಾವಿ) ಗಳಲ್ಲಿ ಮಚಿಲಾ ಎಂಬ ಜೋಲಿ, ಮಡಗಾಸ್ಕರಿನಲ್ಲಿ ನಾಲ್ವರು ಹೊರುವ ಫಿಲಾಂಜಾನಾ ಕುರ್ಚಿ, ಹಾಂಗ್‌ಕಾಂಗಿನಲ್ಲಿ ಬೊಂಬಿನ ಕುರ್ಚಿ. ಕೊಲಂಬಿಯದ ಕಿಂಡಿಯೊ ಕಣಿವೆಯಲ್ಲಂತೂ ಬೆನ್ನಿಗೇ ಕುರ್ಚಿ ಕಟ್ಟಿಕೊಂಡು ಒಬ್ಬನೇ ಒಬ್ಬನನ್ನು ಹೊರುತ್ತಿದ್ದ. 1801ರಲ್ಲಿ ಆ ದಾರಿ ದಾಟಿದ ಹಂಬೋಲ್ಟ್ ಹಾಗೆ ಹೋಗಲು ಒಪ್ಪದೆ ನಡೆದೇ ಹೋದ.

ಆಫ್ರಿಕಾದ ದೊಡ್ಡ ಭಾಗದಲ್ಲಿ ತ್ಸೆತ್ಸೆ ನೊಣದ ರೋಗಕ್ಕೆ ಎತ್ತು, ಕುದುರೆ ಉಳಿಯುತ್ತಿರಲಿಲ್ಲ. ಹಾಗಾಗಿ ದಂತ, ರಬ್ಬರು, ಬಂದೂಕು ಎಲ್ಲ ತಲೆಹೊರೆ, ಒಂದು ಹೊರೆ ಸಾಮಾನ್ಯವಾಗಿ 25ರಿಂದ 30 ಕೆ.ಜಿ. ಕಾಂಗೋದಲ್ಲಿ ಮಟಾಡಿಯಿಂದ ಲಿಯೋಪೋಲ್ಡ್‌ವಿಲ್‌ಗೆ (ಇಂದಿನ ಕಿನ್ಶಾಸಾ) 1898ರಲ್ಲಿ ರೈಲು ಪೂರ್ತಿಯಾಗುವವರೆಗೂ ಜಲಪಾತಗಳ ಆ ದಾರಿಯನ್ನು ಮನುಷ್ಯರೇ ಹೊತ್ತು ದಾಟಿಸಿದರು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದ ಬ್ರಿಟಿಷ್ ಸೈನ್ಯದ ಹೊರೆಯಾಳುಗಳು ಹತ್ತಾರು ಸಾವಿರ ಸತ್ತರು, ಹೆಚ್ಚಿನವರು ಗುಂಡಿಗಲ್ಲ, ಭೇದಿಗೆ, ಹಸಿವಿಗೆ. ನೈರೋಬಿಯ ಕರಿಯಕೋರ್, ದಾರ್ ಎಸ್ ಸಲಾಮಿನ ಕರಿಯಕೂ ಬಡಾವಣೆಗಳ ಹೆಸರು ಆ ಕ್ಯಾರಿಯರ್ ಕೋರ್ ತುಕಡಿಯಿಂದ ಬಂದದ್ದು.

ಈಗಲೂ ಮನುಷ್ಯರನ್ನು ಹೊರುತ್ತಾರಲ್ಲ?

ಹೊರುತ್ತಾರೆ. ಹಲಸೂರಿನ ಪಲ್ಲಕ್ಕಿ ಉತ್ಸವದ ದೇವರ ಮಾತು ಬೇರೆ. ಅಲ್ಲಿ ಹೆಗಲು ಕೊಡಲು ಜನ ಹರಕೆ ಹೊರುತ್ತಾರೆ. ಶಬರಿಮಲೆಯಲ್ಲಿ, ಕೇದಾರದಲ್ಲಿ, ಗಿರ್ನಾರಿನಲ್ಲಿ ಡೋಲಿ ಹೊಟ್ಟೆಪಾಡು. ಶಬರಿಮಲೆಯ ಡೋಲಿ ಕಾರ್ಮಿಕರು 2024ರ ಡಿಸೆಂಬರಿನಲ್ಲಿ ಮುಂಗಡ ಪಾವತಿ ಕೌಂಟರುಗಳ ವಿರುದ್ಧ ಕೆಲಸ ನಿಲ್ಲಿಸಿದರು. ದರ ಗೊತ್ತುಮಾಡುವುದು ಯಾತ್ರಿಕರಿಗೆ ಒಳ್ಳೆಯದು, ದುಡ್ಡು ಬೇರೆಯವರ ಕೈ ದಾಟಿ ಬರುವುದು ಹೊರುವವನಿಗೆ ಅಷ್ಟು ಒಳ್ಳೆಯದಲ್ಲ. ಎರಡೂ ನಿಜ. ಮಹಾರಾಷ್ಟ್ರದ ಮಾಥೇರಾನಿನ ಕೈರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಿ ಎಳೆಯುವವರಿಗೆ ಬೇರೆ ದಾರಿ ಮಾಡಿಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿತು. ಇನ್ನು ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಹಳ್ಳಿಗಳಿಂದ ಬಸುರಿಯರನ್ನು, ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತರುವ ಸುದ್ದಿ ಪ್ರತಿ ಮಳೆಗಾಲ ಪತ್ರಿಕೆಯಲ್ಲಿರುತ್ತದೆ. ಅಲ್ಲಿ ಹೊರುವವರು ನೆರೆಹೊರೆಯವರು. ಅವರನ್ನು ದೂರಿ ಫಲವಿಲ್ಲ, ರಸ್ತೆ ಎಲ್ಲಿ ಎಂದು ಕೇಳಬೇಕು.

ಮನೆಯಲ್ಲಿ ಹಳೆಯ ಪಲ್ಲಕ್ಕಿಯಿದೆ. ವಾರ್ನಿಷ್ ಹೊಡೆಯಬಹುದೇ?

ಬೇಡ. ಹಳೆಯ ಬಣ್ಣ, ಚಿನ್ನದ ರೇಕು ಅದರಡಿ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಿರಿ, ನೀರು ತಾಗಿಸಬೇಡಿ. ನೆಲದ ಮೇಲಿಡದೆ ಇಟ್ಟಿಗೆ ಅಥವಾ ಮರದ ದಿಮ್ಮಿ ಕೊಟ್ಟು ಎತ್ತರಿಸಿ, ಗೋಡೆಯಿಂದ ಒಂದಡಿ ದೂರವಿಡಿ. ಕೋಲಿನಿಂದ ತೂಗುಹಾಕಬಾರದು. ಸರಳು ಕೂಡುವ ತೂತುಗಳಲ್ಲಿ ಮರ ಮೊದಲು ಸೀಳುತ್ತದೆ. ಅಡಿಯಲ್ಲಿ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಕೊರಕ ಹುಳು ಇನ್ನೂ ಇದೆ, ಆಗ ಸಂರಕ್ಷಣಾ ತಜ್ಞರಿಗೇ ತೋರಿಸಿ. ಕೋಲಿನ ಮೇಲೆ ಹೆಗಲು ತಾಗಿ ಸವೆದ ನುಣುಪು ಜಾಗಗಳಿದ್ದರೆ ಉಜ್ಜಿ ತೆಗೆಯಬೇಡಿ. ಅವು ಎಷ್ಟಿವೆ, ಎಷ್ಟು ಅಂತರದಲ್ಲಿವೆ ಎಂದು ಅಳೆದರೆ ಎಷ್ಟು ಜನ ಹೊರುತ್ತಿದ್ದರೆಂದು ತಿಳಿಯುತ್ತದೆ.

ಹಳೆಯ ಫೋಟೊ ಮತ್ತು ಕಡತಗಳಲ್ಲಿ ಹೊರುವವರನ್ನು ಹುಡುಕುವುದು ಹೇಗೆ?

ಫೋಟೊದಲ್ಲಿ ಮೊದಲು ತಲೆ ಎಣಿಸಿ. ನಾಲ್ವರೇ ಇದ್ದರೆ ಅದು ಬಹುಶಃ ಸ್ಟುಡಿಯೊ ಭಂಗಿ ಅಥವಾ ಊರೊಳಗಿನ ಓಡಾಟ. ಆ ಕಾಲದ ಕ್ಯಾಮೆರಾಕ್ಕೆ ಅಲುಗದೆ ನಿಲ್ಲಬೇಕಾಗಿದ್ದರಿಂದ “ಓಡುತ್ತಿರುವ” ಬೋಯಿಗಳೂ ನಿಂತವರೇ. ಹಾಗಾಗಿ ಕೋಲು ನಿಜವಾಗಿ ಹೆಗಲ ಮೇಲಿದೆಯೇ, ಪೆಟ್ಟಿಗೆಯ ಕಾಲಿನಡಿ ಆಸರೆ ಇಟ್ಟಿದ್ದಾರೆಯೇ ನೋಡಿ. ಸೊಂಟಪಟ್ಟಿ, ಪೇಟ ಎಲ್ಲ ಒಂದೇ ತೆರನಿದ್ದರೆ ಅವರು ಮನೆಯ ಆಳುಗಳು, ಬೇರೆ ಬೇರೆಯಾಗಿದ್ದರೆ ಬಾಡಿಗೆಯವರು ಇರಬಹುದು. ಅಡಿಬರಹದಲ್ಲಿ ಸವಾರನ ಹೆಸರಷ್ಟೇ ಇರುತ್ತದೆ.

ಕಡತಗಳಿಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಿಂದ ಶುರು ಮಾಡಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಹಳೆಯ ಗೆಜೆಟಿಯರ್, ಜನಗಣತಿ ವರದಿಗಳನ್ನು ನೋಡಬಹುದು. ಸೂಚಿಯಲ್ಲಿ ಪಲ್ಲಕ್ಕಿ ಎಂದು ಹುಡುಕಿದರೆ ಸಿಗುವುದು ಉತ್ಸವ, ಮರ್ಯಾದೆ, ಬಿರುದು. ಹೊರುವವರು ಬೇರೆ ಶೀರ್ಷಿಕೆಗಳಡಿ ಇರುತ್ತಾರೆ: ಸರ್ಕೀಟು ಭತ್ಯೆ, ಸೈನ್ಯದ ಸಾಗಣೆ, ಮುಸಾಫಿರ್ ಬಂಗಲೆಯ ಖರ್ಚು, ರಸ್ತು ಸರಬರಾಜಿನ ದೂರು ಅರ್ಜಿ, ಅಂಚೆ ಠಾಣೆಯ ಸಂಬಳ ಪಟ್ಟಿ. ಸಂಬಳ ಪಟ್ಟಿಯಲ್ಲಿ ಆಳಿನ ಹೆಸರು, ಊರು, ಕೂಲಿ, ಹೆಬ್ಬೆಟ್ಟು ನಾಲ್ಕೂ ಒಂದೇ ಸಾಲಿನಲ್ಲಿ ಸಿಕ್ಕರೆ ಪೂರ್ತಿ ಹಾಳೆಯ ನಕಲು ತೆಗೆದುಕೊಳ್ಳಿ, ಆ ಸಾಲೊಂದನ್ನೇ ಬರೆದುಕೊಳ್ಳಬೇಡಿ. ಹಾಳೆಯ ಕೊನೆಯ ಮೊತ್ತಕ್ಕೂ ಹೆಬ್ಬೆಟ್ಟು ಒತ್ತಿದವರ ಕೂಲಿಗೂ ತಾಳೆಯಾಗದಿದ್ದರೆ ಮಿಕ್ಕ ಹಣ ಯಾರ ಹೆಸರಿನಲ್ಲಿದೆ ಎಂಬುದು ಸಾಮಾನ್ಯವಾಗಿ ಅದೇ ಹಾಳೆಯ ಹಿಂಬದಿಯಲ್ಲಿರುತ್ತದೆ.